ಮಲ್ಲಿತಮ್ಮನ ಒಂದಕ್ಷರ

ತರೀಕೆರೆಗೆ ಹೊಸದಾಗಿ ಬಂದವರಿಗೆ ಒಂದು ಪರೀಕ್ಷೆ ಕಾದಿರುತ್ತದೆ. ಊರ ಕೆರೆ, ಕೆರೆಯ ಏರಿ, ಏರಿಯ ಮೇಲೆ ಮೇಯುವ ಮೂರು ಕರಿಯ ಕುರಿಮರಿಗಳು, ಇಷ್ಟನ್ನು ಸೇರಿಸಿ ನಮ್ಮ ಹಿರಿಯರು ಹೆಣೆದಿಟ್ಟಿರುವ ವಾಕ್ಯವನ್ನು ಉಸಿರು ಬಿಡದೆ ಮೂರು ಬಾರಿ ಹೇಳಬೇಕು. ಕನ್ನಡನಾಡಿನ ಮಕ್ಕಳೆಲ್ಲರೂ ಬಲ್ಲ ಈ ನಾಲಗೆಯ ಸಾಮನ್ನು ಆ ಊರಿನಲ್ಲಿಯೇ, ಊರಿನವರ ಎದುರಿನಲ್ಲಿಯೇ ಮಾಡಬೇಕಾಗಿ ಬಂದಾಗ ನಮಗೆ ಎರಡನೆಯ ಸುತ್ತಿನಲ್ಲಿಯೇ ನಾಲಗೆ ಜಾರಿತು. ರಕಾರ ಕಕಾರಗಳು ಒಂದರ ಮೇಲೊಂದು ಬಿದ್ದು ಕುರಿಮರಿಗಳು ಏನೇನೋ ಆಗಿಹೋದುವು. ಸುತ್ತಲಿದ್ದವರು ವಿಶ್ವಾಸದಿಂದಲೇ ನಕ್ಕರು. ಆದರೂ ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯನಿಗೆ ಇಷ್ಟೂ ಬಾರದೆ ಎಂಬ ಸಣ್ಣದೊಂದು ನಿರಾಶೆ ಆ ನಗೆಯಲ್ಲಿ ಇರಲಿಲ್ಲವೆಂದು ಹೇಳಲಾರೆವು.

ಪರಸ್ಥಳದಲ್ಲಿ ಇರತಕ್ಕವನ ಪಾಡು ಬಹುಮಟ್ಟಿಗೆ ಹೀಗೆಯೇ. ಅವನು ಬಂದು ಇಳಿಯುವ ಮೊದಲೇ ಊರು ಅವನಿಗಾಗಿ ಒಂದು ಅಳತೆಯನ್ನು ಸಿದ್ಧಪಡಿಸಿ ಇಟ್ಟಿರುತ್ತದೆ. ಮೇಷ್ಟ್ರಾದರೆ ಹೀಗಿರಬೇಕು, ಅಮಲ್ದಾರನಾದರೆ ಹೀಗೆ, ಹೊಸ ಸೊಸೆಯಾದರೆ ಹೀಗೆ. ಅಳತೆ ಕೆಟ್ಟದ್ದೆಂದಲ್ಲ, ಅವನ ಮೈ ನೋಡಿ ಹೊಲಿದುದಲ್ಲ, ಅಷ್ಟೆ. ನಮ್ಮ ಉದ್ಯೋಗದ ಮೊದಲನೆಯ ವರ್ಷದಲ್ಲಿ, ಗುರುತು ಪರಿಚಯವಿಲ್ಲದ ಊರೊಂದರಲ್ಲಿ, ಬಾಡಿಗೆಯ ಕೊಠಡಿಯಲ್ಲಿ ನಿದ್ರೆ ಬಾರದೆ ಮಲಗಿದ್ದಾಗ ನಮಗೊಂದು ಅಭ್ಯಾಸ ಅಂಟಿಕೊಂಡಿತು: ಮಾಡಿನ ಜಂತೆಗಳನ್ನು ಎಣಿಸುವುದು. ಜಂತೆ ಎಣಿಸುವುದೆಂದರೆ ಕೆಲಸವಿಲ್ಲದವನ ಕೆಲಸವೆಂದು ನಮ್ಮ ಮಾತಿನಲ್ಲಿ ಹೀಯಾಳಿಕೆಯುಂಟು. ನಾವಾದರೋ ಅಕ್ಷರಶಃ ಎಣಿಸಿದೆವು. 17 ಇದ್ದುವು. ಮರುದಿನ ರಾತ್ರಿ ಎಣಿಸಿದರೂ 17. ಊರಿನಲ್ಲಿ ಮತ್ತೆಲ್ಲರೂ ನಮ್ಮಿಂದ ಏನನ್ನಾದರೂ ಅಪೇಕ್ಷಿಸುತ್ತಿದ್ದರು. ಆ 17 ಜಂತೆಗಳು ಏನನ್ನೂ ಕೇಳಲಿಲ್ಲ.

ಅಂದಿನಿಂದ ಇಂದಿನವರೆಗೆ ಅಪರಿಚಿತವಾದ ಮನೆಯನ್ನಾಗಲಿ ಮಂಟಪವನ್ನಾಗಲಿ ಹೊಕ್ಕರೆ ನಮ್ಮ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಒಮ್ಮೆ ಒಂದು ಸಭೆಯಲ್ಲಿ, ಅಧ್ಯಕ್ಷರ ಭಾಷಣ ನಡೆಯುತ್ತಿದ್ದಾಗ, ವೇದಿಕೆಯ ಮೇಲೆಯೇ ಕುಳಿತು ಹೀಗೆ ಎಣಿಸುತ್ತಿದ್ದುದು ಅವರ ದೃಷ್ಟಿಗೆ ಬಿದ್ದು, ತಮ್ಮ ಮಾತು ನಮಗೆ ಬೇಸರವಾಯಿತೆಂದು ಅವರು ತಿಳಿದರು. ಸಂಗತಿ ಪೂರ್ತಿ ಸುಳ್ಳೂ ಅಲ್ಲವೆನ್ನಿ.

ಈ ಸ್ವಂತ ವಿಚಾರವನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ಚರಿತ್ರೆಯನ್ನು ಓದಿ ಓದಿಸುವುದೇ ಕಸುಬಾಗಿರುವ ನಮ್ಮನ್ನು ಒಂದು ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ. ಹಿಂದಿನವರೂ ಪರರ ಅಳತೆಯೊಳಗೆ ಬಾಳಿದವರೇ. ಅರಸನ ಅಳತೆ, ಶಾಸ್ತ್ರದ ಅಳತೆ, ಕೂಲಿ ಕೊಡುವ ಧಣಿಯ ಅಳತೆ ಅವರನ್ನೂ ಬಿಡಲಿಲ್ಲ. ಅವರಿಗೂ ಜಂತೆ ಎಣಿಸುವಂಥ ಚಿಕ್ಕ ಆಸರೆಗಳು ಇದ್ದಿರಲೇಬೇಕು. ಇದ್ದರೆ ಅವುಗಳ ಕುರುಹು ಎಲ್ಲಿ? ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಮೂರು ದಿನ ತಿರುಗಿದಾಗ ನಮ್ಮ ಮನಸ್ಸಿನಲ್ಲಿದ್ದುದು ಈ ಪ್ರಶ್ನೆ.

ಕಡೂರಿನಲ್ಲಿ ಉತ್ತರ ದೊರೆಯಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರು; 1865ರಲ್ಲಿಯೇ ಕಚೇರಿಗಳು ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ ಬಹುಕಾಲ ಅಂಟಿಕೊಂಡಿತ್ತು. ರೈಸ್ ಸಾಹೇಬರು 1901ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟಕ್ಕೂ ಅದೇ ಹೆಸರು. ಅದರಲ್ಲಿ ಕಡೂರಿನ ಒಂದು ಶಾಸನವಿದೆ. ಗಂಗರ ಅರಸ ಬೂತುಗನ ಅಕ್ಕ ಪಾಂಬಬ್ಬೆ ಎಂಬಾಕೆ ತಲೆಗೂದಲನ್ನು ಕಿತ್ತು, ಜೈನದೀಕ್ಷೆಯನ್ನು ಕೈಕೊಂಡು, 30 ವರ್ಷಗಳ ಕಾಲ ತಪಸ್ಸನ್ನಾಚರಿಸಿ 971ರಲ್ಲಿ ದೇಹವನ್ನು ಬಿಟ್ಟಳೆಂದು ಅದು ಹೇಳುತ್ತದೆ. ಲೆಕ್ಕ ಹಾಕಿ ನೋಡಿದರೆ, ತಮ್ಮನಾದ ಬೂತುಗನು 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದು ರಾಷ್ಟ್ರಕೂಟ ಚಕ್ರವರ್ತಿಯಿಂದ ಮನ್ನಣೆ ಪಡೆದಾಗ ಅಕ್ಕನ ವ್ರತಕ್ಕೆ ಏಳೆಂಟು ವರ್ಷ ತುಂಬಿದ್ದಿತು. ರಾಜಪುತ್ರಿಯಿಂದ ಲೋಕ ಅಪೇಕ್ಷಿಸುವುದನ್ನು ಆಕೆ ತೊರೆದಳು. ಆದರೆ ತಪಸ್ವಿನಿಯಿಂದ ಲೋಕ ಅಪೇಕ್ಷಿಸುವುದು ಇನ್ನೂ ಹೆಚ್ಚು ಬಿಗಿಯಾದದ್ದು. 30 ವರ್ಷವೆಂದರೆ ಹತ್ತು ಸಾವಿರಕ್ಕೆ ಮೇಲ್ಪಟ್ಟ ದಿನಗಳು. ಆ ದಿನಗಳಲ್ಲಿ ಆಕೆಗೆ ಇಷ್ಟವಾದ ಒಂದು ಮರದ ನೆರಳು, ಬೆಳಗ್ಗೆ ಎದ್ದ ಕೂಡಲೆ ನೋಡುವ ಒಂದು ಬೆಟ್ಟದ ತುದಿ ಇದ್ದಿರಬಾರದೆ? ಶಾಸನ ವ್ರತವನ್ನು ಹೇಳುತ್ತದೆ, ವರ್ಷವನ್ನು ಹೇಳುತ್ತದೆ, ಕುಲವನ್ನು ಹೇಳುತ್ತದೆ. ಅದನ್ನು ಬರೆಸಿದವರಿಗೆ ಬೇಕಾದದ್ದು ಅಷ್ಟು. ಚರಿತ್ರೆಯ ಆಧಾರಗಳಲ್ಲಿ ಬಹುಪಾಲು ಈ ಜಾತಿಯವು. ಅವು ಅಳತೆಯ ದಾಖಲೆಗಳೇ ಹೊರತು ಅಳತೆಯೊಳಗೆ ನಿಂತವರ ದಾಖಲೆಗಳಲ್ಲ.

ತರೀಕೆರೆಯಿಂದ ಸುಮಾರು ಆರು ಮೈಲಿ ದೂರದ ಅಮೃತಾಪುರಕ್ಕೆ ನಾವು ಹೋದದ್ದು ಇಂಥ ನಿರಾಸೆಯನ್ನು ಹೊತ್ತುಕೊಂಡು.

ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದನು. ಬೇಲೂರು ಹಳೇಬೀಡುಗಳ ಜನಸಂದಣಿ ಇಲ್ಲಿಗೆ ಬರುವುದಿಲ್ಲ. ನಾವು ಹೋದ ದಿನ ಪೂಜೆಯವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಸುತ್ತಲ ಪ್ರಾಕಾರದ ಗೋಡೆಯ ಮೇಲೆ ಸಮಾನ ಅಂತರದಲ್ಲಿ ದುಂಡನೆಯ ಕಲ್ಲಿನ ಹೂಗಳು. ಒಳಗೆ ಒಂದೇ ಗರ್ಭಗುಡಿ, ಒಂಬತ್ತು ಅಂಕಣದ ನವರಂಗ, ಅದರ ಮುಂದೆ 29 ಅಂಕಣಗಳ ವಿಶಾಲವಾದ ಮುಖಮಂಟಪ. ಮಂಟಪದ ಸುತ್ತಲಿನ ಮೋಟುಗೋಡೆಯ ಹೊರಮೈಯಲ್ಲಿ ಒಟ್ಟು 140 ಫಲಕಗಳು. ದಕ್ಷಿಣದ ಕಡೆ 70ರಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಬಾಲಲೀಲೆ ಮೊದಲಾದ ಕಥೆ, ಉಳಿದ 45ರಲ್ಲಿ ಮಹಾಭಾರತ.

ಇಲ್ಲಿ ಒಂದು ವಿಚಿತ್ರವುಂಟು. ಹೊಯ್ಸಳರ ದೇವಾಲಯಗಳಲ್ಲಿ ಕಥಾಶಿಲ್ಪ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದು ವಾಡಿಕೆ. ಭಕ್ತನು ನಡೆದಂತೆ ಕಥೆಯೂ ನಡೆಯಬೇಕಷ್ಟೆ. ಅಮೃತಾಪುರದ ಉತ್ತರದ ಗೋಡೆ ಈ ವಾಡಿಕೆಯನ್ನು ಪಾಲಿಸಿದೆ. ದಕ್ಷಿಣದ ಗೋಡೆಯ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಬಲಕ್ಕೆ ದೇವರನ್ನಿಟ್ಟುಕೊಂಡು ಬರುವವನಿಗೆ ಕಥೆ ಹಿಂದುಮುಂದಾಗಿ ಎದುರಾಗುತ್ತದೆ. ತಿಳಿಯದೆ ಆದ ತಪ್ಪೆನ್ನುವುದಕ್ಕೆ ಇದು ಒಂದೆರಡು ಫಲಕವಲ್ಲ, 70 ಫಲಕ. ಅದನ್ನು ಕಡೆದವರ ಮನಸ್ಸಿನಲ್ಲಿ ಯಾವ ಲೆಕ್ಕವಿತ್ತೋ, ಯಾವ ಹಟವಿತ್ತೋ! ದಂಡನಾಯಕನು ಒಪ್ಪಿದ್ದಾನೆ, ಆಚಾರ್ಯರು ಒಪ್ಪಿದ್ದಾರೆ, 800 ವರ್ಷಗಳಿಂದ ಊರೂ ಒಪ್ಪಿದೆ. ನಾವು ಅದನ್ನು ಓದುವುದಕ್ಕಾಗಿ ಹಿಂದು ಹಿಂದಕ್ಕೆ ನಡೆದುದನ್ನು ಕಂಡು ಪೂಜೆಯವರ ಮನೆಯ ಹುಡುಗನೊಬ್ಬನು, “ಎಲ್ಲರೂ ಹಾಗೇ ಮಾಡ್ತಾರೆ ಸಾರ್” ಎಂದು ಸಮಾಧಾನ ಹೇಳಿದನು.

ಆದರೆ ಅಮೃತಾಪುರದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗೋಡೆಯಲ್ಲ, ಮಾಡು. ಅಭ್ಯಾಸಬಲದಿಂದ ಮುಖಮಂಟಪವನ್ನು ಹೊಕ್ಕೊಡನೆಯೇ ತಲೆಯೆತ್ತಿ ಎಣಿಸತೊಡಗಿದೆವು. ಅಂಕಣ ಅಂಕಣಕ್ಕೂ ಒಂದು ಗುಮ್ಮಟ. ನಮ್ಮವರು ಭುವನೇಶ್ವರಿ ಎನ್ನುವ ಆ ಒಳಛತ್ತುಗಳಲ್ಲಿ ತಾವರೆಯ ಎಸಳು, ಮೊಗ್ಗು, ಬಳ್ಳಿಗಳು ಕೆಳಮೊಗವಾಗಿ ಅರಳಿ ನಿಂತಿವೆ. ಈ ಭುವನೇಶ್ವರಿಗಳಲ್ಲಿ ಕೆಲಸ ಮಾಡಿದವರ ಪೈಕಿ ಒಬ್ಬ ಹರೆಯದ ಶಿಲ್ಪಿಯಿದ್ದನು. ಮುಂದೆ ಹೊಯ್ಸಳನಾಡಿಗೆಲ್ಲ ಹೆಸರಾದ ರೂವಾರಿ ಮಲ್ಲಿತಮ್ಮನು ತನ್ನ ಕಸುಬನ್ನು ಆರಂಭಿಸಿದುದು ಅಮೃತಾಪುರದ ಈ ಮಾಡಿನಲ್ಲಿ. ಕೊನೆಯ ಅಕ್ಷರಗಳನ್ನು ಕಂಡು ಹೆಂಗಸಿನ ಹೆಸರೆಂದು ಯಾರೂ ಭ್ರಮಿಸಬೇಡಿರಿ. ತಮ್ಮನೆಂಬ ಅರ್ಥದ ಗಂಡಿನ ಹೆಸರು ಅದು. ರೂವಾರಿಯೆಂದರೆ ರೂಪವನ್ನು ಮಾಡುವವನು, ಶಿಲ್ಪಿ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಗ್ರಂಥಗಳು ಒಂದು ಮಾತನ್ನು ಬಹು ಗಂಭೀರವಾಗಿ ಹೇಳುತ್ತಿದ್ದುವು: ಭಾರತದ ಶಿಲ್ಪಿ ಅನಾಮಧೇಯನು, ತನ್ನತನವನ್ನು ದೇವರಲ್ಲಿ ಕರಗಿಸಿ ಹೆಸರಿಲ್ಲದೆ ಹೋಗುವುದೇ ಅವನ ಹಿರಿಮೆ. ಕೇಳುವುದಕ್ಕೆ ಸೊಗಸಾದ ಮಾತು. ಅದನ್ನು ನಾವೂ ಹತ್ತು ವರ್ಷ ಪಾಠ ಹೇಳಿದೆವು, ವಿದ್ಯಾರ್ಥಿಗಳೂ ಬರೆದುಕೊಂಡರು. ಒಮ್ಮೆ ಅವರನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿ ಕೇಶವ ದೇವಾಲಯದ ಹೊರಗೋಡೆಯ ಎದುರಿನಲ್ಲಿ ಇದೇ ಪಾಠವನ್ನು ಒಪ್ಪಿಸುತ್ತಿದ್ದಾಗ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, “ಸಾರ್, ಇಲ್ಲಿ ಹೆಸರು ಕೆತ್ತಿದೆಯಲ್ಲ” ಎಂದಳು. ನಿಜ. ವಿಗ್ರಹಗಳ ಪೀಠದ ಕೆಳಗೆ ಅಕ್ಷರಗಳು. ಸೋಮನಾಥಪುರದಲ್ಲಿ ಮಲ್ಲಿತಮ್ಮನೊಬ್ಬನ ಹೆಸರೇ ಸುಮಾರು 40 ವಿಗ್ರಹಗಳ ಕೆಳಗಿದೆ. ಜೊತೆಗೆ ಮಸಣಿತಮ್ಮ, ಚೌಡೆಯ, ನಂಜೆಯ ಮೊದಲಾದವರು ಬೇರೆ. ಮಹಾಮಹೋಪಾಧ್ಯಾಯ ಆರ್. ನರಸಿಂಹಾಚಾರ್ಯರು 1917ರಲ್ಲಿಯೇ ಆ ದೇವಾಲಯದ ಮೇಲೆ ಪುಸ್ತಕ ಬರೆದು ಈ ಹೆಸರುಗಳನ್ನು ಅಚ್ಚು ಹಾಕಿಸಿದ್ದಾರೆ. ನಮ್ಮ ಕಣ್ಣಿನ ಮುಂದೆಯೇ ಇದ್ದುದನ್ನು ನಾವು ನೋಡಲಿಲ್ಲ. ಪರರು ಹಾಕಿಕೊಟ್ಟ ಅಳತೆಯಲ್ಲಿ ನಮ್ಮ ಶಿಲ್ಪಿಯನ್ನು ಅಳೆಯುತ್ತಿದ್ದೆವು.

ಆ ಶಿಲ್ಪಿಯ ಬಾಳನ್ನು ಸ್ವಲ್ಪ ಊಹಿಸಿ ನೋಡಿರಿ. ಒಂದು ಊರಿನಲ್ಲಿ ದಂಡನಾಯಕನೋ ಹೆಗ್ಗಡೆಯೋ ಗುಡಿ ಕಟ್ಟಿಸುವನೆಂದು ಸುದ್ದಿ ಬಂದರೆ ಶಿಲ್ಪಿಗಳು ಅಲ್ಲಿಗೆ ಹೊರಡಬೇಕು. ಕೆಲಸ ಮುಗಿಯುವವರೆಗೆ ಅಲ್ಲಿಯೇ ಬಿಡಾರ. ಮುಗಿದ ಮೇಲೆ ಇನ್ನೊಂದು ಊರು, ಇನ್ನೊಬ್ಬ ಧಣಿ. ಅಮೃತಾಪುರ, ನುಗ್ಗೇಹಳ್ಳಿ, ಜಾವಗಲ್ಲು, ಸೋಮನಾಥಪುರ. 1196ರಿಂದ ಹಿಡಿದು ಹದಿಮೂರನೆಯ ಶತಮಾನದ ನಡುವನ್ನು ದಾಟಿ, ಸುಮಾರು 60 ವರ್ಷಗಳ ಉದ್ದಕ್ಕೂ ಮಲ್ಲಿತಮ್ಮನ ಹೆಸರು ದೊರೆಯುತ್ತದೆ. ನಾಲ್ವತ್ತಕ್ಕೂ ಹೆಚ್ಚು ಕಟ್ಟಡಗಳ ಕೆಲಸವನ್ನು ವಿದ್ವಾಂಸರು ಅವನ ಲೆಕ್ಕಕ್ಕೆ ಸೇರಿಸಿದ್ದಾರೆ. ಇಮ್ಮಡಿ ಬಲ್ಲಾಳನ ಕಾಲದಲ್ಲಿ ಉಳಿ ಹಿಡಿದವನು ಅವನ ಮಗ, ಮೊಮ್ಮಗ, ಮರಿಮಗನವರೆಗಿನ ಆಳ್ವಿಕೆಯನ್ನು ಕಂಡಂತಾಯಿತು. ಅಷ್ಟು ಊರುಗಳಲ್ಲಿ ಅವನು ಪರಸ್ಥಳದವನೇ.

ಕೆಲಸದಲ್ಲಾದರೂ ಸ್ವಾತಂತ್ರ್ಯವಿತ್ತೆ ಎಂದರೆ, ಅಲ್ಲಿ ಇನ್ನೂ ಬಿಗಿ. ವಿಷ್ಣುವಿನ 24 ಮೂರ್ತಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಭೇದವೆಲ್ಲ ಶಂಖ ಚಕ್ರ ಗದಾ ಪದ್ಮಗಳು ಯಾವ ಯಾವ ಕೈಯಲ್ಲಿವೆ ಎಂಬುದರಲ್ಲಿ ಅಡಗಿದೆ. ಶಿಲ್ಪಿ ತನಗೆ ಚೆಂದವೆಂದು ಶಂಖವನ್ನು ಆ ಕೈಯಿಂದ ಈ ಕೈಗೆ ಸಾಗಿಸಿದರೆ ದೇವರೇ ಬೇರೆಯಾಗುತ್ತಾನೆ. ಮುಖ ಇಷ್ಟು, ಕೊರಳು ಇಷ್ಟು, ಮೊಣಕಾಲಿನಿಂದ ಹಿಮ್ಮಡಿಗೆ ಇಷ್ಟು ಎಂದು ತಾಳದ ಲೆಕ್ಕ. ಹೀಗೆ ನಡುವಿನ ಮೂರ್ತಿಯೆಲ್ಲ ಶಾಸ್ತ್ರಕ್ಕೆ ಸೇರಿದುದು. ಶಿಲ್ಪಿಗೆ ಮಿಗುವುದು ಅಂಚು: ತಲೆಯ ಮೇಲಿನ ತೋರಣ, ಬಳ್ಳಿಯ ಸುರುಳಿ, ನಡುಕಟ್ಟಿನ ಮಣಿಗಳು. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗತಕ್ಕದ್ದು; ಉಳಿ ಎಷ್ಟು ಸಣ್ಣ ಸುರುಳಿಯನ್ನು ಬಯಸಿದರೂ ಅದು ಕೊಡುತ್ತದೆ. ಮಲ್ಲಿತಮ್ಮನು ವಿಶೇಷವಾಗಿ ಹೆಸರುವಾಸಿಯಾದುದು ಅಲಂಕರಣದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಳಿನಲ್ಲಿ ನಡುವು ಪರರದಾದವನು ಅಂಚಿನಲ್ಲಿ ಮನೆ ಮಾಡಿಕೊಂಡನು.

ಇನ್ನು ಅವನ ಅಂಕಿತದ ಮಾತು. ಅವನು ತನ್ನ ಹೆಸರನ್ನು ಯಾವಾಗಲೂ ಒಂದೇ ರೀತಿ ಬರೆಯಲಿಲ್ಲ. ಕೆಲವೆಡೆ ಪೂರ್ತಿ ಮಲ್ಲಿತಮ್ಮನೆಂದಿದೆ. ಹಲವೆಡೆ ಬರಿಯ ಮಲ್ಲಿ. ಮತ್ತೆ ಕೆಲವೆಡೆ ಒಂದೇ ಒಂದು ಅಕ್ಷರ: ಮ.

ಇದು ಕೂಲಿಯ ಲೆಕ್ಕಕ್ಕೆಂದು ಹಾಕಿದ ಗುರುತೆಂದು ಕೆಲವರು ಹೇಳುವರು. ಯೂರೋಪಿನ ಮಧ್ಯಯುಗದ ದೊಡ್ಡ ಚರ್ಚುಗಳಲ್ಲಿಯೂ ಕಲ್ಲುಕುಟಿಗರು ತಾವು ಕಡೆದ ಕಲ್ಲುಗಳ ಮೇಲೆ ಒಂದೊಂದು ಗೀರನ್ನೋ ಚಿಹ್ನೆಯನ್ನೋ ಹಾಕುತ್ತಿದ್ದರು. ಅದನ್ನು ನೋಡಿ ಮೇಸ್ತ್ರಿ ಸಂಬಳ ಬಟವಾಡೆ ಮಾಡುತ್ತಿದ್ದನೆಂದು ಅಲ್ಲಿಯ ಚರಿತ್ರಕಾರರ ಮತ. ನಮ್ಮಲ್ಲಿಯೂ ಹೀಗೆ ಇದ್ದಿರಬಹುದು. ಹೊಟ್ಟೆಯ ಪ್ರಶ್ನೆಯನ್ನು ಅಲ್ಲಗಳೆಯುವುದು ವಿದ್ವಾಂಸರಿಗೆ ಶೋಭಿಸದು. ಆದರೆ ಲೆಕ್ಕದ ಗುರುತಿಗೆ ಒಂದು ನಿಯಮವುಂಟು: ಅದು ಎಲ್ಲೆಲ್ಲಿಯೂ ಒಂದೇ ಆಗಿರಬೇಕು. ಇಂದು ಒಂದು ತೆರನಾಗಿ, ನಾಳೆ ಇನ್ನೊಂದು ತೆರನಾಗಿ ಸಹಿ ಮಾಡಿದರೆ ಖಜಾನೆಯವರು ನಮಗೂ ಸಂಬಳ ಕೊಡುವುದಿಲ್ಲ. ತೋರಿದಂತೆ ಪೂರ್ತಿಯಾಗಿ, ತೋರಿದಂತೆ ಮೊಟಕಾಗಿ ಬರೆದುಕೊಂಡವನು ಲೆಕ್ಕಿಗನಿಗಾಗಿಯೇ ಬರೆದನೆಂದು ನಂಬುವುದು ನಮಗೆ ಕಷ್ಟ.

ಕೀರ್ತಿಗಾಗಿ ಬರೆದನೆ? ಕೀರ್ತಿಗೆ ಬೇರೆ ದಾರಿ ಆಗಲೇ ಸಿದ್ಧವಾಗಿತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲಾದವರು ಹೆಸರಿನೊಂದಿಗೆ ಊರನ್ನೂ ಬಿರುದುಗಳನ್ನೂ ಸೇರಿಸಿ ಬರೆಸಿಕೊಂಡರು. ಉಳಿದ ಬಿರುದಾಂಕಿತ ಶಿಲ್ಪಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಶಿವನೆಂಬ ಧಾಟಿ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ದಕ್ಷಿಣದ ಕಡೆಯ ಕೆಲಸ ನಂದಿಯ ಬೈಚೋಜನದು, ಉತ್ತರದ ಕಡೆಯದು ನಮ್ಮ ಮಲ್ಲಿತಮ್ಮನದು. ಬೈಚೋಜನು ಪ್ರತಿಸ್ಪರ್ಧಿಗಳೆಂಬ ಬೆಟ್ಟಗಳಿಗೆ ತಾನು ವಜ್ರಾಯುಧವೆಂದು ಸಾರಿಕೊಂಡವನು. ಅವನ ಕೆಲಸವೂ ಆ ಮಾತಿಗೆ ಕುಂದು ತರುವಂಥದಲ್ಲವೆನ್ನಿ. ಒಂದೇ ಗುಡಿಯ ಒಂದು ಮಗ್ಗುಲಿನಲ್ಲಿ ಬಿರುದಿನ ಗುಡುಗು, ಇನ್ನೊಂದು ಮಗ್ಗುಲಿನಲ್ಲಿ ಬಿಗುಮಾನವಿಲ್ಲದ ಒಂದು ಹೆಸರು.

ಬಿರುದೆಂಬುದು ಸಭೆಗಾಗಿ ತೊಡುವ ಜರಿಯ ಅಂಗಿ. ಅದನ್ನು ತೊಟ್ಟವನು ಪರರ ಅಳತೆಯನ್ನು ಒಪ್ಪಿ, ಆ ಅಳತೆಯಲ್ಲಿ ತಾನು ಹೆಚ್ಚೆಂದು ವಾದಿಸುತ್ತಾನೆ. ಮಲ್ಲಿ ಎಂಬ ಮೊಟಕು ಹೆಸರಾದರೋ ತಾಯಿಯೋ ಅಕ್ಕನೋ ಹಿತ್ತಿಲಿನಿಂದ ಕೂಗುವ ಹೆಸರು. ಬಿಡಾರದ ಊರಿನಲ್ಲಿ ಅವನನ್ನು ಎಲ್ಲರೂ ರೂವಾರಿ ಎಂದಾರು, ಆಚಾರಿ ಎಂದಾರು. ಮಲ್ಲಿ ಎನ್ನುವವರು ಯಾರು? ಯಾರೂ ಇಲ್ಲದಾಗ ಅವನೇ ಅಂದುಕೊಂಡನು, ಕಲ್ಲಿನ ಮೇಲೆ. ಕೊನೆಗೆ ಆ ಹೆಸರೂ ಸವೆದು ಒಂದಕ್ಷರವಾಯಿತು. ಬರಿಯ ಮ ಎಂದರೆ ಯಾರೆಂದು ಓದುವವರಿಗೆ ತಿಳಿಯಬೇಕೆಂಬ ಆಸೆಯೂ ಅದರಲ್ಲಿಲ್ಲ. ಆ ಅಕ್ಷರವನ್ನು ಕೆತ್ತುವುದಕ್ಕೆ ಉಳಿಯ ನಾಲ್ಕೈದು ಪೆಟ್ಟು ಸಾಕು. ದಿನದ ಕೆಲಸ ಮುಗಿಸಿ ಕೈ ತೊಳೆಯುವ ಮುನ್ನ ಆಗಿಹೋಗುವ ಕೆಲಸ. ಇದು ನಮ್ಮ ಊಹೆಯೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇವೆ. ಆದರೆ ಪರಊರಿನಲ್ಲಿ 17 ಜಂತೆಗಳನ್ನು ಎಣಿಸಿ ನಿದ್ರೆ ಮಾಡಿದವರು ಈ ಊಹೆಯನ್ನು ಬೇಗ ಕೈಬಿಡಲಾರರು.

ವಿನೋದವೇನೆಂದರೆ, ಇಂದು ಕಲೆಯ ಚರಿತ್ರಕಾರರು ಒಬ್ಬ ಹೊಯ್ಸಳ ಶಿಲ್ಪಿಯನ್ನು ಊರಿಂದೂರಿಗೆ ಬೆನ್ನಟ್ಟಿ, ಇದು ಅವನ ಹರೆಯದ ಕೆಲಸ, ಇದು ನಡುವಯಸ್ಸಿನದು, ಇದು ಮುಪ್ಪಿನದು ಎಂದು ತೋರಿಸಲು ಸಾಧ್ಯವಾಗಿದ್ದರೆ ಅದು ಈ ಅಲ್ಪವಾದ ಅಭ್ಯಾಸದಿಂದಲೇ. ಶಂಖ ಚಕ್ರಗಳ ಕ್ರಮ ಎಲ್ಲ ಶಿಲ್ಪಿಗಳಿಗೂ ಒಂದೇ ಆದುದರಿಂದ ಅದು ಯಾರನ್ನೂ ಗುರುತಿಸುವುದಿಲ್ಲ.

ಅಮೃತಾಪುರವನ್ನು ಬಿಡುವ ಮೊದಲು ಇನ್ನೊಬ್ಬನನ್ನು ನೆನೆಯದಿದ್ದರೆ ತಪ್ಪಾದೀತು. ದೇವಾಲಯದ ಬಳಿ ನಿಂತಿರುವ ದೊಡ್ಡ ಶಾಸನಶಿಲೆಯ ಪದ್ಯಗಳು ಕವಿ ಜನ್ನನವು. ಪಂಡಿತರ ಲೆಕ್ಕದಲ್ಲಿ ಅದು ತರೀಕೆರೆ 45ನೆಯ ಶಾಸನ, ಕಾಲ 1197. ಜನ್ನನು ಜೈನನು. ಶೈವನಾದ ದಂಡನಾಯಕನು ಕಟ್ಟಿಸಿದ ಶಿವಾಲಯಕ್ಕೆ ಅವನು ಪದ್ಯ ಬರೆದುಕೊಟ್ಟನು. ಆಸ್ಥಾನದ ಕವಿಯಿಂದ ಅಪೇಕ್ಷಿಸತಕ್ಕದ್ದು ಅದೇ. ಅವನು ಕೊರತೆಯಿಲ್ಲದೆ ಮಾಡಿದ್ದಾನೆ. ತನ್ನದೇ ಮಾತನ್ನು ಹೇಳುವುದಕ್ಕೆ ಅವನು ಇನ್ನೂ 12 ವರ್ಷ ಕಾದನು. 1209ರ ಯಶೋಧರ ಚರಿತೆಯಲ್ಲಿ, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಸಂಕಲ್ಪದ ಹಿಂಸೆ ಜನ್ಮಜನ್ಮಾಂತರಕ್ಕೆ ಬೆನ್ನು ಬಿಡದೆಂಬ ಕಥೆಯನ್ನು ಹೇಳಿದನು. ಹಿಟ್ಟಿನ ಕೋಳಿಯಷ್ಟು ಸಣ್ಣ ಸಂಗತಿಯ ಮೇಲೆ ಒಂದು ಕಾವ್ಯದ ಭಾರವನ್ನೆಲ್ಲ ಹೊರಿಸಿದ ಕವಿಯೂ, ಒಂದಕ್ಷರದಲ್ಲಿ ತನ್ನನ್ನು ಇರಿಸಿದ ಶಿಲ್ಪಿಯೂ ಒಂದೇ ಗುಡಿಯ ಅಂಗಳದಲ್ಲಿ ಕೆಲಸ ಮಾಡಿದ್ದರೆಂಬುದು ನಮಗೆ ಪ್ರಿಯವಾದ ಯೋಚನೆ. ಇದಕ್ಕಿಂತ ಹೆಚ್ಚೇನನ್ನೂ ಅದರಿಂದ ಎಳೆಯಲು ನಾವು ಇಚ್ಛಿಸುವುದಿಲ್ಲ.

ಅಜ್ಜಂಪುರಕ್ಕೆ ನಾವು ಹೋದುದು ಶಾಸನಕ್ಕಾಗಿಯಲ್ಲ, ದನಗಳಿಗಾಗಿ. ಅಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂಬ ಹೆಸರಿನಿಂದ ಅರಮನೆಯ ಹೈನಿಗಾಗಿ ಇದ್ದ ಹಿಂಡುಗಳು ಹೈದರನ ಕೈಯಲ್ಲಿ ತೋಪು ಎಳೆಯುವ ದಂಡಿನ ಎತ್ತುಗಳಾದುವು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನದು. ಚಿದಂಬರದ ನೆರವಿಗೆಂದು ಹೈದರನು ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದುದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ಗ್ಯಾಸೆಟಿಯರುಗಳು ಬರೆದಿವೆ. 1799ರ ಮೇಲೆ ಹಿಂಡುಗಳು ಕ್ಷೀಣಿಸಿದುವು. 1813ರಲ್ಲಿ ಇಂಗ್ಲಿಷರ ಸೈನ್ಯದವರು ವಹಿಸಿಕೊಂಡು ಚೇತರಿಸಿದರು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅವರೇ ಮಾರಿಹಾಕಿದರು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಮುಖ್ಯನು. ಎತ್ತುಗಳಿಲ್ಲದೆ ಸೈನ್ಯಕ್ಕೆ ಕೈಕಾಲಾಡದೆ 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. 1882ರಲ್ಲಿ ಅವು ಮೈಸೂರು ಸರ್ಕಾರಕ್ಕೆ ಬಂದುವು.

ಅರಮನೆ, ಸುಲ್ತಾನ, ಕಂಪೆನಿ, ಮತ್ತೆ ಅರಮನೆ. ಇಷ್ಟು ಮಂದಿ ಇಷ್ಟು ಬಗೆಯ ಕೆಲಸವನ್ನು ಬಯಸಿದರೂ ಈ ದನಗಳು ತಮ್ಮದೊಂದು ಗುಣವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹೊಸಬರನ್ನು ಅವು ಹತ್ತಿರ ಸೇರಿಸವು. ತಿಳಿಯದೆ ಹಿಂಡಿನ ನಡುವೆ ಕಾಲಿಟ್ಟವನ ಗತಿಯನ್ನು ಆ ಉದ್ದನೆಯ, ಹಿಂದಕ್ಕೆ ಬಾಗಿದ ಚೂಪು ಕೊಂಬುಗಳನ್ನು ನೋಡಿಯೇ ತಿಳಿಯಬಹುದು. ನಮ್ಮನ್ನೂ ಬೇಲಿಯ ಹೊರಗೇ ನಿಲ್ಲಿಸಿದರು. ನಾವು ನಿಂತಿದ್ದ ಕಡೆ ಒಂದು ಬೂದುಬಣ್ಣದ ಹಸು ತಲೆಯೆತ್ತಿ ನೋಡಿದ ರೀತಿಯಲ್ಲಿ, ಕಾಲೇಜಿನ ಅಧ್ಯಾಪಕರಿಂದ ಅದು ಏನನ್ನೂ ಅಪೇಕ್ಷಿಸುವಂತೆ ಕಾಣಲಿಲ್ಲ.

ಹೊತ್ತು ಇಳಿಯುವ ವೇಳೆಗೆ ವಯಸ್ಸಾದ ಒಬ್ಬ ದನಗಾಹಿ ಆ ಕಡೆಯಿಂದ ಬಂದನು. ಮೇಲೆ ಹರಕು ಕಂಬಳಿ. ಅಂಚೆಲ್ಲ ಸವೆದು ಎಳೆ ಬಿಟ್ಟಿತ್ತು. ಅವನು ಗಂಟಲಿನಲ್ಲಿಯೇ ಒಂದು ಸದ್ದು ಮಾಡಿದನು. ಆ ಹಸು ನಡೆದು ಬಂದು ಅವನ ಮಗ್ಗುಲಿನಲ್ಲಿ ನಿಂತಿತು. ಇಷ್ಟು ಹಳೆಯ ಕಂಬಳಿಯನ್ನು ಏಕೆ ಹೊದ್ದಿರುವೆಯೆಂದು ನಾವು ಕೇಳಿದೆವು. ಕೇಳಬಾರದ ಪ್ರಶ್ನೆಯೆಂದು ಕೇಳಿದ ಮೇಲೆ ತೋರಿತು. ಅವನು ಬೇಸರಪಡಲಿಲ್ಲ.

“ಮಗ ಹೊಸಾದು ತಂದ್ಕೊಟ್ಟವ್ನೆ ಸ್ವಾಮಿ, ಚೆಂದಾಗೈತೆ. ಊರ್ನಾಗೆ ಹೊದ್ಕತೀನಿ. ಇಲ್ಲಿಗೆ ಅದನ್ನ ಹೊದ್ಕಂಡ್ ಬಂದ್ರೆ ನಾನೂ ಇವಕ್ಕೆ ಹೊಸಬ್ನೇಯ. ಮೂರು ದಿನ ನೋಡ್ದೆ, ಹತ್ರಕ್ಕೆ ಬರ್ಲಿಲ್ಲ. ಅದಕ್ಕೇ ಇದನ್ನ ಮಡಿಕ್ಕಂಡಿವ್ನಿ.”

ಹೀಗೆ ಹೇಳಿ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಹಿಂಡಿನ ಕಡೆ ನಡೆದನು. ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಅವನು ಕಣ್ಮರೆಯಾಗುವವರೆಗೆ ನಾವು ಬೇಲಿಯ ಈಚೆಗೇ ನಿಂತಿದ್ದೆವು.